ಎಕ್ಕಂಬಿ ಮಾಸ್ತರರ ವಿಳಾಸ

ಶಿರಸಿ
೨೭ ಮಾರ್ಚ್ ೨೦೦೭, ಮಂಗಳವಾರ

ಚಿ. ಸೌ. ಮಧುರಾಳಿಗೆ,

ಆಯಿಯ ಆಶೀರ್ವಾದ. ನಿನ್ನ ಹೆಸರಿನ ಹಿಂದೆ ‘ಸೌ.’ ಎಂದು ಬರೆಯಲು ನನಗೆ ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಕ್ಷರ ಯಾರದೆಂದು ಗುರುತು ಹಿಡಿದು ನೀನು ಇದನ್ನು ಹರಿದು ಹಾಕಬಹುದು. ಹರಿಯುವ ಮೊದಲು ಇಷ್ಟು ಓದು. ಎಕ್ಕಂಬಿ ಮಾಸ್ತರ ಎಂಬ ಮನುಷ್ಯ ಯಾರೂ ಇಲ್ಲ. ನವೆಂಬರಿನಿಂದ ಈಚೆಗೆ ಮಧ್ಯಾಹ್ನ ಎರಡೂವರೆಗೆ ಕಂಪ್ಯೂಟರಿನಲ್ಲಿ ನಿನ್ನ ಎದುರು ಕೂತು ಚೆನ್ನೆಮಣೆ ಆಡುತ್ತಿರುವವಳು ನಾನು.

ಮೋಸ ಎನ್ನುತ್ತೀಯ. ಹೌದು, ಮೋಸವೇ. ಆದರೆ ಅದು ಶುರುವಾದದ್ದು ಹೇಗೆಂದು ಹೇಳುತ್ತೇನೆ.

ನೀನು ನಮ್ಮ ಜಾತಿಯವನಲ್ಲದ ಮನೋಹರನನ್ನು ಮದುವೆಯಾಗಿ ಯಲ್ಲಾಪುರಕ್ಕೆ ಹೋದ ದಿನ ನಾನು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಹಾಕಿಕೊಂಡು ಬಂದೆ. ಮಗಳು ಸತ್ತಳು ಎಂದು ಜಗಲಿಯಲ್ಲಿ ನಾಲ್ಕು ಜನರ ಎದುರು ಹೇಳಿದೆ. ಅದನ್ನು ನಿನ್ನ ಅಣ್ಣ ಸುಹಾಸ ನಿನಗೆ ಫೋನಿನಲ್ಲಿ ತಿಳಿಸಿದ್ದಾನೆ, ನನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಮಾರನೆಯ ದಿನದ ಸಂಗತಿ. ಸುಹಾಸನ ಬ್ರೌಸಿಂಗ್ ಸೆಂಟರಿನಲ್ಲಿ, ಅವನು ಊಟಕ್ಕೆ ಹೋದ ಹೊತ್ತಿಗೆ ನೀನು ಕೂರುತ್ತಿದ್ದ ಕುರ್ಚಿಯಲ್ಲಿ ನಾನು ಹೋಗಿ ಕೂತೆ. ಯಾರಾದರೂ ಕೂರಲೇಬೇಕಿತ್ತಲ್ಲ.

ಗಿರಾಕಿ ಇಲ್ಲದಾಗ ನೀನು ಅಲ್ಲಿ ಇಂಟರ್ನೆಟ್ಟಿನ ಯಾವುದೋ ಆಟದ ಕಟ್ಟೆಗೆ ಹೋಗಿ ಊರೂರಿನವರ ಜೊತೆ ಆಡುತ್ತಿದ್ದೆ. ಮನೋಹರ ನಿನಗೆ ಗಂಟುಬಿದ್ದದ್ದು ಅಲ್ಲಿಯೇ ಎಂದು ನನ್ನ ಅನುಮಾನ. ಪತ್ತೆ ಮಾಡುವ ಹಟದಿಂದ ನಾನೂ ಸೇರಿದೆ. ಹೆಂಗಸಿನ ಹೆಸರು ಹಾಕಿದರೆ ಸಲುಗೆ ತೆಗೆದುಕೊಳ್ಳುತ್ತಾರೆಂದು ‘ಎಕ್ಕಂಬಿ ಮಾಸ್ತರ’ ಎಂದು ಹಾಕಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಆ ವಿಕಾರವನ್ನು ಒಂದೇ ಬೆರಳಿನಲ್ಲಿ ಕಲಿತೆ. ನಾನು ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಕಲಿಯದೇ ಇರಲು ಅದೇನು ಬ್ರಹ್ಮವಿದ್ಯೆಯಲ್ಲ.

ಅಲ್ಲಿ ನನಗೆ ಸಿಕ್ಕಿದವರು ಹುಬ್ಬಳ್ಳಿ ಹುಲಿ, ಬನವಾಸಿ ಬಾಂಬು ಎಂದೆಲ್ಲ ಹೆಸರಿಟ್ಟುಕೊಂಡ, ಮೀಸೆ ಸರಿಯಾಗಿ ಮೂಡದ ಹುಡುಗರು. ಹಾವು-ಏಣಿ, ಇಸ್ಪೀಟು, ಚೆನ್ನೆಮಣೆ. ನಡುನಡುವೆ ಒಬ್ಬರ ಕಾಲು ಒಬ್ಬರು ಎಳೆಯುವುದು. ಮೊದಲ ದಿನವೇ ಹುಲಿ ಕೇಳಿದ: “ಮಾಸ್ತರ, ನಿಮ್ಮ ಕಡೆಯಾಕಿ ಒಬ್ಬಾಕಿ ಇದ್ಲು, ಅಪ್ಪೆಮಿಡಿ ಅಂತ. ಎಲ್ಲಿ ಹೋದ್ಲು ಗೊತ್ತೇನ್ರಿ?” ಮಾವಿನ ಮಿಡಿ ಉಪ್ಪಿನಕಾಯಿಯಿಲ್ಲದೆ ಉಣ್ಣದವಳು ನೀನು, ಅದು ನಿನ್ನ ಹೆಸರು ಎಂದು ತಿಳಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಗೊತ್ತಿಲ್ಲ ಎಂದೆ. ಮನೋಹರ ಆ ಕಟ್ಟೆಗೆ ಕಾಲಿಟ್ಟವನೇ ಅಲ್ಲ, ಅರ್ಜಿ ಟೈಪು ಮಾಡಿಸಲು ಸೆಂಟರಿಗೇ ಬರುತ್ತಿದ್ದವನು ಎಂದು ತಿಂಗಳೊಳಗೆ ತಿಳಿಯಿತು. ಅಂದರೆ ನನ್ನ ಕಣ್ಣೆದುರಿಗೇ. ಪತ್ತೆಯ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆಮೇಲೂ ನಾಲ್ಕು ವರ್ಷ ಏಕೆ ಹೋದೆ ಎಂದು ಕೇಳಬೇಡ. ಚಟ ಎಂದುಕೋ.

ಬರಬರುತ್ತ ಹೊಸ ಹೊಸ ಆಟ ಬಂದವು, ಕಟ್ಟೆ ಖಾಲಿಯಾಯಿತು. ಕೊನೆಗೆ ಉಳಿದವರು ಹುಲಿ ಮತ್ತು ನಾನು. ಹೋದ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಸಾಲು ಬಂತು: ಅಪ್ಪೆಮಿಡಿ ಒಳಗೆ ಬಂದಿದ್ದಾರೆ.

ಹುಲಿ ಊರಿಗೆಲ್ಲ ಡಂಗುರ ಹೊಡೆದ. ವಾರದೊಳಗೆ ಹಳಬರು ಹತ್ತು-ಹನ್ನೆರಡು ಜನ ವಾಪಸು ಬಂದು ಅದೇ ಹಳೆಯ ಆಟಗಳನ್ನು ಹಿಡಿದು ಕೂತರು. ನೀನು ಮಾತ್ರ ಚೆನ್ನೆಮಣೆ ಬಿಟ್ಟು ಬೇರೆ ಆಡಲಿಲ್ಲ, ಎದುರಿಗೆ ನನ್ನನ್ನೇ ಕರೆದೆ. ನಾನು ನಮ್ಮ ಕಡೆಯವನೆಂದು ತಿಳಿದ ಮೇಲೆ ನಮ್ಮ ಮಾತಿನಲ್ಲೇ ಚೇಷ್ಟೆ. “ಎಂತ ಮಾಸ್ತರೇ, ಕಾಳು ಹಾಕ್ತ್ರಾ, ಹಂಗೇ ತೂಕಡಿಸ್ತ್ರಾ?” ಎಂದು ಕೇಳುತ್ತಿದ್ದೆ. ನನಗೆ ಹಾಗೆ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ನಿನಗೆ ಎಂದೂ ಇರಲಿಲ್ಲ.

ಇಷ್ಟು ವರ್ಷದ ಮೇಲೆ ಆಟ ಏಕೆ ನೆನಪಾಯಿತು ಎಂದು ಮೂರನೆಯ ದಿನ ನಾನು ಕೇಳಿದೆ. ನೀನು ಬರೆದದ್ದನ್ನು ಇಂದಿಗೂ ಮರೆತಿಲ್ಲ. “ಕೂಸು ಹುಟ್ಟಿತ್ತು ಮಾಸ್ತರೇ. ಹದಿಮೂರು ದಿನ ಇತ್ತು. ಎರಡು ತಿಂಗಳಾತು. ಕೈ ಸುಮ್ನೆ ಕೂರ್ತಿಲ್ಲೆ, ಅದಕ್ಕೆ ಬಂದಿ.”

ಬಾಣಂತನಕ್ಕೆ ನಿನ್ನ ಆಯಿ ಬರಲಿಲ್ಲವೇ ಎಂದು ಕೇಳಿದೆ. ಅದನ್ನು ಕೇಳುವ ಅಗತ್ಯ ಏನಿತ್ತು? ನೀನು ನನ್ನನ್ನು ಬಯ್ಯುವುದನ್ನಾದರೂ ಕೇಳಬೇಕೆನಿಸಿತ್ತು.

“ಆಯಿ ಇಲ್ಲೆ ಮಾಸ್ತರೇ. ತೀರಿಹೋಗಿ ನಾಲ್ಕು ವರ್ಷ ಆತು.”

ಬೈಗುಳವೂ ಇಲ್ಲ. ಮೊದಲು ಸಿಟ್ಟು ಬಂತು, ಬದುಕಿದ್ದವಳನ್ನು ಕೊಂದಳಲ್ಲ ಎಂದು. ಆಮೇಲೆ ನಾನು ಬಚ್ಚಲಿಗೆ ಹೋಗಿ ಬಂದ ದಿನವನ್ನು ಲೆಕ್ಕ ಹಾಕಿದೆ. ನಾಲ್ಕು ವರ್ಷ ಸರಿಯಾಗಿತ್ತು. ಕೊನೆಗೆ “ನಿನ್ನ ಸರದಿ” ಎಂದು ಬರೆದೆ. ನೀನು ಕಾಳು ತೆಗೆದು ಆಡಿದೆ.

ದೂರದ ಸಾವಿನ ಸುದ್ದಿ ತಡವಾಗಿ ಕಿವಿಗೆ ಬಿದ್ದರೆ ಕೇಳಿದ ದಿನದಿಂದ ಮೂರು ದಿನ ಸೂತಕ ಹಿಡಿಯುವುದು ನಮ್ಮಲ್ಲಿದೆ. ಮಗಳೇ ಇಲ್ಲ ಎಂದವಳಿಗೆ ಮಗಳ ಮಗುವಿನ ಸೂತಕ ಎಲ್ಲಿಂದ ಬಂತು? ಭಟ್ಟರನ್ನು ಕೇಳುವ ಮುಖವಿರಲಿಲ್ಲ. ನಾನೇ ಹಿಡಿದೆ. ಮೂರು ದಿನ ದೇವರ ಕೋಣೆಗೆ ಹೋಗಲಿಲ್ಲ, ಒಲೆ ಮುಟ್ಟಲಿಲ್ಲ. ಸೊಸೆಗೆ ಸೊಂಟ ಹಿಡಿದಿದೆ ಎಂದೆ. ಅವಳು ಪಾಪ, ಎಣ್ಣೆ ಕಾಯಿಸಿ ತಂದು ನೀವಿದಳು. ನೋವಿಲ್ಲದ ಸೊಂಟವನ್ನು ನೀವಿಸಿಕೊಂಡು ಮಲಗಿದ್ದೆ. ಅಳಲು ಅದೊಂದು ನೆಪವಾಯಿತು. ಯಲ್ಲಾಪುರಕ್ಕೆ ಬರಬೇಕೆನಿಸಿತು, ಬರಲಿಲ್ಲ. ಸತ್ತವಳು ಯಾವ ಮುಖ ಹೊತ್ತು ಬರುವುದು?

ಅಲ್ಲಿಂದ ಈಚೆಗೆ ಮಾಸ್ತರನಾಗಿಯೇ ನಿನ್ನ ಬಾಣಂತನ ಮಾಡಿದೆ. ತಣ್ಣೀರು ಮುಟ್ಟಬೇಡ ಎಂದೆ, ಬೆಳ್ಳುಳ್ಳಿ ತಿನ್ನು ಎಂದೆ, ಮೆಂತ್ಯದ ಲೇಹ್ಯ ಕಾಸುವ ಕ್ರಮ ಹೇಳಿದೆ. “ಗಂಡಸರಿಗೆ ಇದೆಲ್ಲ ಹೆಂಗೆ ಗೊತ್ತು?” ಎಂದು ನೀನು ಕೇಳಿದೆ. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದು ಸುಳ್ಳು ಹೊಸೆದೆ. “ಅಂಥ ಹೆಂಡತಿ ಸಿಕ್ಕಿದ್ದು ನಿಂಗಳ ಪುಣ್ಯ” ಎಂದೆಯಲ್ಲ, ಆ ದಿನ ನಾನು ಬೇಕೆಂದೇ ಸೋತೆ. ಉಳಿದ ದಿನ ಸೋತದ್ದು ಬೇಕೆಂದಲ್ಲ. ನೀನು ಚೆನ್ನಾಗಿ ಆಡುತ್ತೀಯ.

ಮಾರ್ಚ್ ಮೂವತ್ತೊಂದಕ್ಕೆ ಕಟ್ಟೆ ಮುಚ್ಚುತ್ತದೆಂದು ನೋಟೀಸು ಬಂದಾಗ ಎಲ್ಲರೂ ಫೋನು ನಂಬರು ಹಂಚಿಕೊಂಡರು. ಹೋದ ಗುರುವಾರ ನೀನು ನನ್ನನ್ನು ಕೇಳಿದೆ. “ವಿಳಾಸ ಕೊಡಿ ಮಾಸ್ತರೇ, ಕಾಗದ ಬರೀತೆ. ಎಂಗೆ ತವರಿನ ಕಡೆ ಹೇಳಿ ಇಪ್ಪದು ನಿಂಗ ಒಬ್ಬರೇ.” ನಾನು ಕರೆಂಟು ಹೋಯಿತು ಎಂದು ಬರೆದು ಎದ್ದುಬಿಟ್ಟೆ. ಕರೆಂಟು ಹೋಗಿರಲಿಲ್ಲ. ಆಮೇಲೆ ಆ ಕಡೆ ಹೋಗಿಲ್ಲ. ಸುಳ್ಳು ವಿಳಾಸ ಕೊಟ್ಟು ಮಾಸ್ತರನಾಗಿಯೇ ಕಾಗದ ಬರೆಯುತ್ತ ಇರಬಹುದು ಎಂದು ಎರಡು ದಿನ ಯೋಚಿಸಿದೆ. ನಿನ್ನಿಂದ ಕಾಗದವಾದರೂ ಬರುತ್ತಿತ್ತು. ಆದರೆ ನನ್ನ ಅಕ್ಷರ ನಿನಗೆ ಗೊತ್ತು. ಅದು ಹಾಗಿರಲಿ. ನೀನು ಇಲ್ಲದವನನ್ನು ತವರು ಎಂದು ನಂಬಿಕೊಂಡಿರುವುದು ನನಗೆ ಸಹಿಸಲಾಗಲಿಲ್ಲ.

ಕ್ಷಮಿಸು ಎಂದು ಬರೆಯಲು ಹೋದರೆ ಕೈ ನಿಲ್ಲುತ್ತದೆ. ನನ್ನ ಸ್ವಭಾವ ನಿನಗೆ ಗೊತ್ತು. ಎದುರಿಗೆ ಬರಗೊಟ್ಟರೆ ಬಾಯಲ್ಲೇ ಹೇಳುತ್ತೇನೆ. ಶನಿವಾರ ಕಟ್ಟೆಯ ಕೊನೆಯ ದಿನ. ಎರಡೂವರೆಗೆ ಕೂತಿರುತ್ತೇನೆ. ನೀನು ಬಂದರೆ ಆಡೋಣ, ಮಾತು ಬೇಡ. ಬಾರದಿದ್ದರೆ ಆಯಿ ಇಲ್ಲ ಎಂದು ನೀನು ಮಾಸ್ತರನಿಗೆ ಹೇಳಿದ ಮಾತೇ ಖಾಯಂ ಎಂದು ತಿಳಿದುಕೊಳ್ಳುತ್ತೇನೆ. ಮಾಸ್ತರನಿಗೆ ವಿಳಾಸವಿಲ್ಲ. ನನ್ನದು ನಿನಗೆ ಬಾಯಿಪಾಠ.

ನಿನ್ನ ಆಯಿ,
ಸೀತಮ್ಮ

ತಾ. ಕ.: ಯಲ್ಲಾಪುರಕ್ಕೆ ಬರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸೂತಕ ಕಳೆದ ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಬಂದು ನಿಮ್ಮ ಝೆರಾಕ್ಸ್ ಅಂಗಡಿಯ ಎದುರು ನಿಂತಿದ್ದೆ. ಮನೋಹರ ಓಡಿ ಬಂದ. “ಒಳಗ ಬರ್ರಿ ಅಮ್ಮಾ, ಮಲಗ್ಯಾಳ, ಎಬ್ಬಸ್ತೇನಿ” ಎಂದ. ಬೇಡ ಎಂದೆ. ಮಗುವನ್ನು ಮಣ್ಣಿಗಿಟ್ಟ ಜಾಗ ತೋರಿಸು ಎಂದೆ. ಅಂಗಡಿ ಬಾಗಿಲು ಎಳೆದು ಹಳ್ಳದ ದಂಡೆಗೆ ಕರೆದುಕೊಂಡು ಹೋದ. ನಾನು ಬಂದದ್ದನ್ನು ನಿನಗೆ ಹೇಳಕೂಡದೆಂದು ಮಾತು ತೆಗೆದುಕೊಂಡವಳು ನಾನು. ಅವನನ್ನು ಬಯ್ಯಬೇಡ. ಹನ್ನೆರಡನೆಯ ದಿನ ಹೆಸರಿಟ್ಟಿರಾ, ಏನು ಹೆಸರು ಎಂದು ಕೇಳಿದೆ. ಅವನು ತಲೆ ತಗ್ಗಿಸಿ, ಸೀತಾ ಎಂದ. ಬದುಕಿದ್ದವರ ಹೆಸರನ್ನು ನಮ್ಮಲ್ಲಿ ಮಕ್ಕಳಿಗೆ ಇಡುವುದಿಲ್ಲ. ಗೊತ್ತಿದ್ದೇ ಇಟ್ಟೆಯಾ ಎಂದು ಕೇಳಲು ನಾಲ್ಕು ತಿಂಗಳು ದಿನಾ ಬೆರಳೆತ್ತಿದೆ ಮಧುರಾ, ದಿನಾ “ನಿನ್ನ ಸರದಿ” ಎಂದೇ ಬರೆದೆ.