ಕಾಳ್ಯಾನ ಸತುವಿನ ಪುಡಿ

ಪಾರೀಸ,

ಗಡಹಿಂಗ್ಲಜದ ಬಸ್ಸಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ. ಕಾಳ್ಯಾನ ಅನ್ನದಲ್ಲಿ ಸತುವಿನ ಪುಡಿ ಒಂದೇ ಚಿಟಿಕೆ ಕಲಸು. ಹೆಚ್ಚಾದರೆ ವಾಂತಿ ಮಾಡುತ್ತದೆ.

ಅದರ ಕಣ್ಣ ಸುತ್ತ ಬಿಳಿ ಹುರುಪೆ ಎದ್ದಾಗ ಪಕ್ಕದ ಮನೆಯ ಹೌಸಾಬಾಯಿ, “ಈ ನಾಯಿಗಿ ಸತ್ತವರು ಕಾಣತಾರ, ಹೊಳಿ ಆಚೆ ಬಿಟ್ಟು ಬರ್ರಿ” ಅಂದಳು. ನೀನೂ ಹಗ್ಗ ಹುಡುಕಿದೆ. ದನದ ಡಾಕ್ಟರು ಮಾತ್ರ ನಕ್ಕು, “ಬರೇ ಭಾಕ್ರಿ ತಿಂದು ಮೈಯಾಗ ಜಸ್ತ, ಅಂದ್ರ ಸತುವು, ಕಡಿಮಿ ಆಗೈತಿ, ಅಷ್ಟ” ಅಂದರು. ಪುಡಿ ಹಾಕಿದ ಮೇಲೆ ಹುರುಪೆಯೆಲ್ಲ ಉದುರಿ ಹೊಸ ಕೂದಲು ಬಂದಿದೆ.

ಆದರೂ ಅವ್ವ ಸಾಯುವವರೆಗೆ ಕೂರುತ್ತಿದ್ದ ಮೂಲೆಯನ್ನು ಅದು ನೋಡುವುದು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಬಾಲ ಆಡಿಸುತ್ತಾ ಎದ್ದು, ಯಾರಿಗೋ ದಾರಿ ಬಿಟ್ಟು, ಅವರ ಹಿಂದೆಯೇ ಬಾಗಿಲವರೆಗೆ ನಡೆಯಿತು. ನಾನು ಬಾಗಿಲು ತೆಗೆದೆ. ಅದು ಹೊಸ್ತಿಲ ಒಳಗೇ ನಿಂತು, ಖಾಲಿ ಬೀದಿಯ ತುದಿಯವರೆಗೂ ಯಾರನ್ನೋ ನೋಡುತ್ತಾ ಉಳಿಯಿತು.

ಚಿಲಕ ಹಾಕಬೇಡ. ಅವ್ವ ಹೊರಗೆ ಹೋಗಿದ್ದಾಳೆ.

ಅಕ್ಕ ರತ್ನಮಾಲಾ