ಭಾಮೈದನ ಪಾಲಿಗೆ ಬಂದ ಭಾನುವಾರಗಳು

ಮೆಕ್ಸಿಕೋ ನಗರ, ಮಾರ್ಚ್ 9, ಭಾನುವಾರ

ಇವತ್ತೂ ಹೊಟ್ಟೆ ಉರಿಯುತ್ತಿದೆ. ಅತಿವೇಗವಾಗಿ ಕಾರು ಓಡಿಸಿದ್ದಕ್ಕೆ ಈ ನಗರ ದಂಡದ ದುಡ್ಡು ಕೇಳುವುದಿಲ್ಲ, ಭಾನುವಾರ ಉದ್ಯಾನ ಗುಡಿಸಲು ಹಚ್ಚುತ್ತದೆ. ಹಾಗೆ ಗುಡಿಸಲು ಹೋದ ಎಲ್ಯುತೆರಿಯೊಗೆ, ತೀರಿಹೋದ ನನ್ನ ಹೆಂಡತಿಯ ತಮ್ಮನಿಗೆ, ತಮಾಲೆ ಎಂಬ ಜೋಳದ ಕಡುಬು ಮಾರುವ ಒಬ್ದುಲಿಯಾ ಒಲಿದುಬಿಟ್ಟಿದ್ದಾಳೆ. ಬಿಸಿ ತಮಾಲೆ ಕೈಗಿಟ್ಟು, "ಪಾಪ, ಎಷ್ಟು ಬೆವರಿದ್ದೀರಿ" ಅನ್ನುತ್ತಾಳಂತೆ. ವರ್ಷಗಟ್ಟಲೆ ಅವಳ ಗಾಡಿಯ ಮುಂದೆ ಮೀಸೆ ತಿರುವಿದವನು ನಾನು!

ನನಗೇನು ಪೊರಕೆ ಹಿಡಿಯಲು ಬಾರದೇ? ಹಳ್ಳಿಯ ಶಾಲೆಯಲ್ಲಿ ನಾನು ಸರಿಯಾಗಿ ಕಲಿತದ್ದೇ ಅಂಗಳ ಗುಡಿಸುವುದನ್ನು. ಅದಕ್ಕೇ ಹೋದ ತಿಂಗಳು ರಸ್ತೆಯ ಕ್ಯಾಮೆರಾ ಮುಂದೆ ಬೇಕೆಂದೇ ಬಾಣದಂತೆ ಕಾರು ಬಿಟ್ಟೆ, ಒಂದಲ್ಲ, ನಾಲ್ಕು ಸಲ. ಫೋಟೊ ಚೆನ್ನಾಗಿ ಬರಲೆಂದು ತಲೆಯನ್ನೂ ಬಾಚಿಕೊಂಡಿದ್ದೆ.

ಸಂಜೆ ಎಲ್ಯುತೆರಿಯೊ ಹಲ್ಲು ಕಿರಿಯುತ್ತ ಬಂದ.

"ಭಾವಯ್ಯ, ನಂಗೆ ಇನ್ನೂ ನಾಲ್ಕು ಭಾನುವಾರ ಹಾಕವ್ರೆ! ನನ್ ಹಳೇ ಕಾರು ಕೊಂಡ್ಕೊಂಡ್ರಲ್ಲ, ಅದನ್ನ ನಿಮ್ ಹೆಸರಿಗೆ ಮಾಡಿಸ್ಕೊಂಡ್ರಾ?"

ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನಂತೆ, ನನ್ನ ಮುಖವನ್ನಲ್ಲ.

"ಬೇಜಾರಾಯ್ತೇನೋ?" ಎಂದೆ.

"ಅಯ್ಯೋ, ಇನ್ನೂ ಜೋರಾಗಿ ಓಡ್ಸಿ ಭಾವಯ್ಯ! ಮದುವೇಲಿ ಮೊದಲ್ನೇ ತಮಾಲೆ ನಿಮಗೇ."

ನಾಳೆಯೇ ಕಾರನ್ನು ನನ್ನ ಹೆಸರಿಗೆ ಮಾಡಿಸುತ್ತೇನೆ. ಆಮೇಲೆ ನೋಡಲಿ ನನ್ನ ವೇಗ. ಆದರೆ ಆ ಕಚೇರಿಯ ಸಾಲು ಕರಗುವಷ್ಟರಲ್ಲಿ ಒಬ್ದುಲಿಯಾ ಇವನ ಹೆಂಡತಿಯೇ ಆಗಿಬಿಟ್ಟರೆ...