ಮುನ್ನೂರ ನಲವತ್ತು ನೆರಳು, ಒಂದೇ ಗೂಡು

ಕಪ್ಪತಗುಡ್ಡ,
ಆಷಾಢ ಮೂವತ್ತೆಂಟು, ಎರಡು ಸಾವಿರದ ಇನ್ನೂರ ಎಂಬತ್ತೊಂಬತ್ತು.

ಲಿನಕ್ಸಿಗೆ ಹೊಸ ಫೈಲ್‌ಸಿಸ್ಟಂ ಬರೆಯುತ್ತ ಕೂತಿರುವ ಅಕ್ಕನಿಗೋ ಅಣ್ಣನಿಗೋ, ದನಿಮನೆಯ ಕಾವಲುಗಾರ ಕಳಕಪ್ಪನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಗಾಳಿ ತಗ್ಗುವವರೆಗೂ ಆಷಾಢ ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ಇಲ್ಲಿಗೆ ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಮಾತು ಸವೆದಿದೆ. ನಿಮ್ಮ ಹಳೆಯ ಕೋಡಿನ ಟಿಪ್ಪಣಿಗಳ ಕೊನೆಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮನ್ನು ತಲುಪುವ ದಾರಿ ಬೇರೆ ಯಾವುದೂ ನನಗೆ ಗೊತ್ತಿಲ್ಲ.

ದನಿಮನೆ ಎಂದರೆ ಗುಡ್ಡದ ಹೊಟ್ಟೆಯಲ್ಲಿ ಕೊರೆದ ತಂಪು ಕೋಣೆ. ಸುತ್ತಲಿನ ಹದಿನೆಂಟು ಊರಿನವರು ತೀರಿಕೊಂಡ ತಮ್ಮವರ ದನಿಯನ್ನು ಇಲ್ಲಿ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ, ಸತ್ತ ದಿನ, ಬುತ್ತಿ ಕಟ್ಟಿಕೊಂಡು ಬಂದು ಕೇಳಿ ಹೋಗುತ್ತಾರೆ. ಮೇಲೆ ಗಾಳಿಕಂಬಗಳು ತಿರುಗಿದರೆ ಕೆಳಗೆ ಯಂತ್ರ ನಡೆಯುತ್ತದೆ, ನಿಂತರೆ ಎಲ್ಲರೂ ರೊಟ್ಟಿ ತಿನ್ನುತ್ತ ಕಾಯುತ್ತೇವೆ. ಯಂತ್ರದೊಳಗೆ ದನಿಗಳನ್ನು ಗೂಡುಗೂಡಾಗಿ ಇಟ್ಟು ಲೆಕ್ಕ ಹಿಡಿಯುವುದು ನಿಮ್ಮ ಫೈಲ್‌ಸಿಸ್ಟಂ. ಅದು ಹಳೆಯದರ ಮೇಲೆ ಎಂದೂ ಬರೆಯುವುದಿಲ್ಲ; ಹೊಸದನ್ನು ಬೇರೆ ಗೂಡಿನಲ್ಲಿ ಬರೆದು, ಆಮೇಲೆ ಅತ್ತ ಬೆರಳು ತೋರಿಸುತ್ತದೆ. ಪ್ರತಿ ಹುಣ್ಣಿಮೆಗೂ ಇಡೀ ಮನೆ ಆ ಹೊತ್ತಿಗೆ ಹೇಗಿದೆಯೋ ಹಾಗೆ ಒಂದು ಸ್ನ್ಯಾಪ್‌ಶಾಟ್ ತೆಗೆಯುತ್ತೇವೆ. ನಾವು ಅದನ್ನು ನೆರಳು ಎನ್ನುತ್ತೇವೆ. ನೆರಳು ತೆಗೆದಾಗ ಗಂಟೆ ಬಾರಿಸಿ ಎಣಿಕೆಯನ್ನು ಕೂಗಿ ಹೇಳುವುದು ನನ್ನ ಕೆಲಸ. ಎಣಿಕೆ ಏರಿದಷ್ಟೂ ನನ್ನ ಜಂಬವೂ ಏರಿತ್ತು, ಅದನ್ನೇಕೆ ಮುಚ್ಚಿಡಲಿ?

ಫಕೀರವ್ವ ಎಂಬಾಕೆ ಮಗಳು ಮೈಲವ್ವನ ದನಿಯನ್ನು ಇಲ್ಲಿಟ್ಟು ಇಪ್ಪತ್ತೆಂಟು ವರ್ಷ ದಾಟಿತು. ಕೂಸು ಆರು ವರ್ಷಕ್ಕೆ ಜ್ವರದಲ್ಲಿ ಹೋಯಿತು. ಉಳಿದದ್ದು ಹತ್ತೊಂಬತ್ತೇ ಸೆಕೆಂಡು: “ಏ ಕಪ್ಪಿ, ಬಾ ಇಲ್ಲಿ, ಕಿವಿ ಹಿಂಡ್ತೀನಿ ನೋಡ” ಎಂದು ಆಡನ್ನು ಬೈದು, ಆಡು ಏನು ಮಾಡಿತೋ, ಕಿಲಕಿಲ ನಗುತ್ತಾಳೆ. ಅಷ್ಟೇ. ಅಷ್ಟಕ್ಕಾಗಿ ಫಕೀರವ್ವ ಹನ್ನೆರಡು ಮೈಲಿ ನಡೆದು ಬರುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಪುಟ್ಟ ಡಿಸ್ಕ್ ತಂದು, ಇದರೊಳಗೂ ಒಂದು ಪ್ರತಿ ಹಾಕಿಕೊಡು, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. “ಇನ್ನೂರು ನೆಳ್ಳು ಅದಾವ ಬೇ ಯವ್ವಾ, ಮತ್ತೊಂದು ತಗೊಂಡು ಏನ ಮಾಡ್ತಿ?” ಎಂದೆ. ಆಕೆಯೂ ನಕ್ಕು, ಖಾಲಿ ಡಿಸ್ಕನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಹೋದ ವರ್ಷ ಆಕೆ ಬಂದು ಕೂತಾಗ ಯಂತ್ರ ದನಿ ಕೊಡಲಿಲ್ಲ. ಪ್ರತಿ ಗೂಡಿಗೂ ನೀವು ಒಂದು ತಾಳೆಗುರುತು ಇಟ್ಟಿದ್ದೀರಲ್ಲ, ಒಳಗಿನದು ಅದಕ್ಕೆ ಹೊಂದಲಿಲ್ಲ. ಹೊಂದದ್ದನ್ನು ನಿಮ್ಮ ಯಂತ್ರ ಕೊಡುವುದಿಲ್ಲ. ಸುಳ್ಳು ಹೇಳದ ಯಂತ್ರ ಅದು. ನಾನು ಧೈರ್ಯವಾಗಿಯೇ ಇದ್ದೆ. ಹಿಂದಿನ ಹುಣ್ಣಿಮೆಯ ನೆರಳು ತೆರೆದೆ. ಅಲ್ಲೂ ಅದೇ ದೋಷ. ಅದರ ಹಿಂದಿನದು, ಅದರ ಹಿಂದಿನದು. ಬೆಳಗ್ಗೆ ಶುರು ಮಾಡಿದವನು ಸಂಜೆಯ ಹೊತ್ತಿಗೆ ಮುನ್ನೂರ ನಲವತ್ತನ್ನೂ ತೆರೆದು ನೋಡಿದ್ದೆ. ಕೂಸಿನ ದನಿ ಒಮ್ಮೆಯೂ ಬದಲಾಗಿರಲಿಲ್ಲ, ಹಾಗಾಗಿ ಯಂತ್ರ ಅದನ್ನು ಮತ್ತೆ ಬರೆದಿರಲೇ ಇಲ್ಲ, ಎಲ್ಲ ನೆರಳುಗಳೂ ಆ ಒಂದೇ ಗೂಡಿಗೆ ಬೆರಳು ತೋರಿಸುತ್ತಿದ್ದವು. ಆ ಗೂಡು ಸತ್ತಿತ್ತು. ಆಕೆ ಬುತ್ತಿ ಬಿಚ್ಚದೆ ನನ್ನ ಬೆನ್ನ ಹಿಂದೆ ಇಡೀ ದಿನ ಕೂತಿದ್ದಳು. ಕೊನೆಗೆ ಕೇಳಿದ್ದು ಒಂದೇ ಮಾತು: “ಮುನ್ನೂರಾ ನಲವತ್ತೂ ಒಂದ ಕೂಸಿನ ನೆಳ್ಳೇನ ಯಣ್ಣಾ?”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಆಕೆ. ಹದಿನೆಂಟು ಊರಿನ ಪಂಚರಿಗೆ ‘ಗೂಡು ಕೆಟ್ಟಿತು’ ಎಂದಷ್ಟೇ ಬರೆದುಕೊಟ್ಟೆ. ನಾನು ನಕ್ಕದ್ದನ್ನು ಬರೆಯಲಿಲ್ಲ. ಇವತ್ತು ನಿಮಗೆ ಬರೆಯುತ್ತಿದ್ದೇನೆ.

ನೀವು ಎಚ್ಚರಿಸಲಿಲ್ಲ ಎಂಬ ದೂರು ನನಗಿಲ್ಲ. ನೆರಳು ಬೇರೆ, ಪ್ರತಿ ಬೇರೆ ಎಂದು ನಿಮ್ಮ ಕೈಪಿಡಿಯ ಮೂಲೆಯಲ್ಲಿ ಒಂದು ಸಾಲು ಇದೆ, ಈಗ ಹುಡುಕಿ ಓದಿದೆ. ಕೈಪಿಡಿ ಯಾರು ಓದುತ್ತಾರೆ, ಹೇಳಿ? ನನ್ನಂಥವರು ಓದುವುದು ಎಣಿಕೆಯನ್ನು ಮಾತ್ರ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಇನ್ನೂ ಬರೆಯುತ್ತಿದ್ದೀರಲ್ಲ, ನೆರಳುಗಳ ಪಟ್ಟಿ ಕೇಳಿದಾಗ ಅದರ ಕೆಳಗೇ ಇನ್ನೊಂದು ಸಾಲು ಬರುವಂತೆ ಮಾಡಿ: ‘ಪ್ರತಿ: ಒಂದೇ’. ಎಣಿಕೆ ಕೂಗುವವನ ಕಣ್ಣಿಗೆ ಅದು ಬೀಳಲೇಬೇಕು.

ಹೋದ ತಿಂಗಳು ಫಕೀರವ್ವ ಮತ್ತೆ ಬಂದಳು. ಕೇಳಲಿಕ್ಕಲ್ಲ, ಕೊಡಲಿಕ್ಕೆ. ಮಗಳ ದನಿ ತನಗೆ ಬಾಯಿಪಾಠವಾಗಿದೆ, ತಾನೇ ಹೇಳುತ್ತೇನೆ, ಬರೆದುಕೋ ಎಂದಳು. ಅರವತ್ತರ ಹತ್ತಿರದ ಹೆಂಗಸು ಯಂತ್ರದ ಮುಂದೆ ಕೂತು ಆರು ವರ್ಷದವಳ ರಾಗದಲ್ಲಿ ಆಡನ್ನು ಕರೆದಳು, ಬೈದಳು. ನಗುವ ಜಾಗ ಬಂದಾಗ ಆಕೆಗೆ ಆಗಲಿಲ್ಲ. ನಾಲ್ಕು ಸೆಕೆಂಡು ಸುಮ್ಮನೆ ಕೂತು, ಸಾಕು ಎಂದು ಕೈ ಮಾಡಿದಳು. ಈ ಸಲ ನಾನು ಎದುರಾಡಲಿಲ್ಲ. ಮೂರು ಬೇರೆ ಡಿಸ್ಕಿಗೆ ಹಾಕಿ, ಒಂದನ್ನು ಇಲ್ಲೇ ಇಟ್ಟು, ಒಂದನ್ನು ಆಕೆಯ ಸೆರಗಿಗೆ ಕಟ್ಟಿ, ಇನ್ನೊಂದನ್ನು ಗಜೇಂದ್ರಗಡದ ದನಿಮನೆಗೆ ಕಳಿಸಿದೆ. ನಿನ್ನೆ ಆಕೆಯ ಡಿಸ್ಕನ್ನು ತರಿಸಿ, ಗಜೇಂದ್ರಗಡಕ್ಕೂ ಹೇಳಿಕಳಿಸಿ, ಮೂರನ್ನೂ ತಾಳೆ ನೋಡಿಸಿದೆ. ಆ ನಾಲ್ಕು ಸೆಕೆಂಡು ಮೂರೂ ಕಡೆ ಸರಿಯಾಗಿವೆ.